ಎಡಪುಟ, ಬಲಪುಟ

ಮೊನ್ನೆ ರಾಘವಾಂಕನ ಹರಿಶ್ಚಂದ್ರ ಕಾವ್ಯ ಓದುತ್ತ ಕೂತಿದ್ದಾಗ ನನಗೊಂದು ಸಣ್ಣ ಅವಮಾನವಾಯಿತು. ಪಕ್ಕದಲ್ಲಿ ಯಾರೂ ಇರಲಿಲ್ಲವಾದ್ದರಿಂದ ಹೇಳಿಕೊಳ್ಳದೆಯೂ ಇರಬಹುದಿತ್ತು. ಕೈಯಲ್ಲಿದ್ದದ್ದು ಹಾರ್ವರ್ಡ್ ಯೂನಿವರ್ಸಿಟಿ ಪ್ರೆಸ್ 2017ರಲ್ಲಿ ತಂದ ಪುಸ್ತಕ. ಅವರ ‘ಮೂರ್ತಿ ಕ್ಲಾಸಿಕಲ್ ಲೈಬ್ರರಿ ಆಫ್ ಇಂಡಿಯಾ’ ಮಾಲೆಯಲ್ಲಿ ಬಂದ ಮೊದಲ ಕನ್ನಡ ಕಾವ್ಯ ಇದು; ಇಂಗ್ಲಿಷಿಗೆ ತಂದವರು ವನಮಾಲಾ ವಿಶ್ವನಾಥ. ಪುಸ್ತಕ ಬಿಡಿಸಿದರೆ ಎಡಪುಟದಲ್ಲಿ ಕನ್ನಡ ಲಿಪಿಯಲ್ಲೇ ಮೂಲದ ಷಟ್ಪದಿ, ಬಲಪುಟದಲ್ಲಿ ಇಂಗ್ಲಿಷ್. ಎರಡೂ ಅಕ್ಕಪಕ್ಕ ಕೂತ ನೆಂಟರ ಹಾಗೆ ಒಂದೇ ಎತ್ತರದಲ್ಲಿವೆ.

ನಾನು ಎಡಪುಟದಿಂದಲೇ ಹೊರಟೆ. ಕನ್ನಡಿಗ ಬೇರೆಲ್ಲಿಂದ ಹೊರಡಬೇಕು? ನಾಲ್ಕು ಪದ್ಯ ದಾಟುವಷ್ಟರಲ್ಲಿ ಕಣ್ಣು ನನ್ನನ್ನು ಕೇಳದೆಯೇ ಬಲಕ್ಕೆ ಹೋಗಿ ಬರತೊಡಗಿತು. ಹತ್ತನೆಯ ಪದ್ಯದ ಹೊತ್ತಿಗೆ ಮೊದಲು ಬಲಪುಟ ಓದಿ, ಕಥೆ ತಿಳಿದುಕೊಂಡು, ಆಮೇಲೆ ‘ಓ, ಹೀಗಂದಿದ್ದಾನೋ’ ಎಂದು ಎಡಕ್ಕೆ ಬರುತ್ತಿದ್ದೆ. ಎಂಟುನೂರು ವರ್ಷದ ಹಿಂದೆ ಹಂಪೆಯಲ್ಲಿದ್ದ ಕವಿ ಕನ್ನಡದಲ್ಲಿ ಹೇಳಿದ್ದನ್ನು, ಹುಟ್ಟಿದಂದಿನಿಂದ ಕನ್ನಡವನ್ನೇ ಆಡಿದ ನಾನು ಮೆಸಚೂಸೆಟ್ಸಿನ ಕೇಂಬ್ರಿಜ್ ಮಾರ್ಗವಾಗಿ ಕೇಳಿಸಿಕೊಳ್ಳುತ್ತಿದ್ದೆ.

ಇದು ನನ್ನೊಬ್ಬನ ಓದಿನ ಕೊರತೆಯಾಗಿದ್ದರೆ ಲೇಖನ ಬರೆಯುವ ಅಗತ್ಯವಿರಲಿಲ್ಲ. ಕನ್ನಡ ಎಂ.ಎ. ಮಾಡಿದ ಇಬ್ಬರು ಗೆಳೆಯರಿಗೆ ಅದೇ ಎಡಪುಟ ಕೊಟ್ಟು, ಬಲಪುಟದ ಮೇಲೆ ಒಂದು ಲಕೋಟೆ ಮುಚ್ಚಿ ನೋಡಿದೆ. ಒಬ್ಬರು ರಾಗವಾಗಿ ಓದಿದರು, ಅರ್ಥ ಕೇಳಿದಾಗ ಕಾಫಿಗೆ ಹೋಗೋಣ ಎಂದರು. ಇನ್ನೊಬ್ಬರು ಪ್ರಾಮಾಣಿಕರು, ಲಕೋಟೆಯನ್ನೇ ಎತ್ತಿದರು.

ಕಷ್ಟ ಎಲ್ಲಿದೆ ಎಂದು ಸ್ವಲ್ಪ ಹತ್ತಿರ ಹೋಗಿ ನೋಡಬೇಕು. ಹಳೆಯ ಕಾವ್ಯ ತೊಡಕಾಗುವುದು ಗೊತ್ತಿಲ್ಲದ ಶಬ್ದಗಳಿಂದ ಎಂದು ಸಾಮಾನ್ಯ ತಿಳಿವಳಿಕೆ. ಗೊತ್ತಿಲ್ಲದ ಶಬ್ದ ನಿಜವಾಗಿ ಅಷ್ಟು ಕಾಡುವುದಿಲ್ಲ. ಅದು ಎದುರಾದ ಕೂಡಲೇ ನಿಲ್ಲುತ್ತೇವೆ, ಕಿಟ್ಟೆಲ್ ನಿಘಂಟು ತೆಗೆಯುತ್ತೇವೆ. ಮೋಸ ಮಾಡುವುದು ಪರಿಚಿತ ಮುಖದ ಶಬ್ದಗಳು. ‘ಉಸಿರಿದನು’ ಎಂದಿದ್ದರೆ ಇವತ್ತಿನ ಓದುಗ ನಿಟ್ಟುಸಿರು ಬಿಟ್ಟನೆಂದುಕೊಳ್ಳುತ್ತಾನೆ. ಹಳಬರಿಗೆ ಅದು ‘ಹೇಳಿದನು’ ಎಂದೂ ಆಗುತ್ತಿತ್ತು. ಶಾಸನದ ಬಿರುದುಗಳಲ್ಲಿ ಬರುವ ‘ಗಂಡ’ ಯಾರ ಮನೆಯ ಯಜಮಾನನೂ ಅಲ್ಲ, ಶೂರ. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಶತ್ರು. ಹಿಂದೆ ಎರಡಕ್ಕೂ ಬೇರೆ ಬೇರೆ ಅಕ್ಷರವಿತ್ತು, ನಾವು ಶಕಟರೇಫವನ್ನು ಕೈಬಿಟ್ಟು ಎರಡನ್ನೂ ಒಂದೇ ಗೂಡಿಗೆ ಹಾಕಿದ್ದೇವೆ. ಇದರ ಮೇಲೆ ಸಂಧಿ. ಷಟ್ಪದಿಯ ಓಟಕ್ಕೆ ಸಿಕ್ಕಿ ಮೂರು ಶಬ್ದ ಒಂದಾಗಿ ಅಂಟಿಕೊಂಡಿರುತ್ತವೆ. ಎಲ್ಲಿ ಬಿಡಿಸಬೇಕೆಂದು ಗೊತ್ತಾಗುವಷ್ಟರಲ್ಲಿ ಸಾಲು ಮುಗಿದು, ಮೂರನೆಯ ಪಾದದ ಉದ್ದನೆಯ ಎಳೆತ ಶುರುವಾಗಿರುತ್ತದೆ. ಭಾಷೆ ನಮ್ಮದೇ ಅನ್ನುವ ಭರವಸೆಯೇ ಇಲ್ಲಿ ಓದುಗನ ಕಾಲೆಳೆಯುತ್ತದೆ. ಹಾಗಾಗಿ ಹಳೆಗನ್ನಡ ನಡುಗನ್ನಡಗಳ ಮುಂದೆ ನಾವು ಪರಭಾಷೆಯವರಿಗಿಂತ ಹೆಚ್ಚು ಎಡವುತ್ತೇವೆ, ಎಡವಿದ್ದು ಗೊತ್ತೂ ಆಗುವುದಿಲ್ಲ.

ಆದ್ದರಿಂದ ಬಲಪುಟ ಬೇಕು. ಅಲ್ಲಿ ಇರಬೇಕಾದ ಭಾಷೆ ಯಾವುದು ಎಂಬುದು ನನ್ನ ಪ್ರಶ್ನೆ.

ಎದುರುಬದುರು ಪುಟದ ಈ ಪದ್ಧತಿ ಹಾರ್ವರ್ಡಿನವರಿಗೆ ಹೊಸದಲ್ಲ. ಜೇಮ್ಸ್ ಲೋಬ್ ಎಂಬ ಬ್ಯಾಂಕರು 1911ರಲ್ಲಿ ತನ್ನ ಹಣ ಹಾಕಿ ಆರಂಭಿಸಿದ ಲೋಬ್ ಕ್ಲಾಸಿಕಲ್ ಲೈಬ್ರರಿ ಗ್ರೀಕಿಗೆ ಹಸಿರು ಹೊದಿಕೆ, ಲ್ಯಾಟಿನ್ನಿಗೆ ಕೆಂಪು ಹೊದಿಕೆ ಹೊದಿಸಿ, ಒಂದು ಮಗ್ಗುಲಲ್ಲಿ ಮೂಲ, ಇನ್ನೊಂದು ಮಗ್ಗುಲಲ್ಲಿ ಇಂಗ್ಲಿಷ್ ಇಟ್ಟು ಐನೂರಕ್ಕೂ ಹೆಚ್ಚು ಸಂಪುಟ ತಂದಿದೆ. ವಿದ್ವಾಂಸರು ಮೊದಲು ಮೂಗು ಮುರಿದರು, ಇದು ಸೋಮಾರಿ ವಿದ್ಯಾರ್ಥಿಗಳ ಊರುಗೋಲು ಎಂದರು. ವರ್ಜೀನಿಯಾ ವುಲ್ಫ್ ಮಾತ್ರ 1917ರಲ್ಲಿ ಒಂದು ವಿಮರ್ಶೆಯಲ್ಲಿ, ಪಂಡಿತನಲ್ಲದ, ಆಸೆಗಾಗಿ ಓದುವ ಓದುಗನೂ ಇದ್ದಾನೆಂದು ಈ ಮಾಲೆ ಒಪ್ಪಿಕೊಂಡಿತಲ್ಲ, ಅದೇ ದೊಡ್ಡದು ಎನ್ನುವ ಅರ್ಥದಲ್ಲಿ ಬರೆದಳು. ಅವಳಿಗೆ ಸ್ವತಃ ಗ್ರೀಕ್ ಬರುತ್ತಿತ್ತು; ಬರುವವಳೇ ಹಾಗಂದದ್ದು ನನಗೆ ಮುಖ್ಯ.

ಸಂಸ್ಕೃತಕ್ಕೆ ಇದೇ ಮಾದರಿಯನ್ನು ಕ್ಲೇ ಸಾನ್ಸ್ಕ್ರಿಟ್ ಲೈಬ್ರರಿ ತಂದಿತು. 2005ರಿಂದ ನಾಲ್ಕೈದು ವರ್ಷಗಳಲ್ಲಿ ಐವತ್ತಾರು ಸಂಪುಟ. ಮೂಲವನ್ನು ರೋಮನ್ ಲಿಪಿಯಲ್ಲಿ ಹಾಕಿದ್ದರಿಂದ ಅದು ಯಾರಿಗಾಗಿ ಎಂಬುದು ಮೊದಲ ಪುಟದಲ್ಲೇ ಸ್ಪಷ್ಟವಿತ್ತು. ಆಮೇಲೆ ಬಂದದ್ದು ಮೂರ್ತಿ ಲೈಬ್ರರಿ. ಇನ್ಫೋಸಿಸ್ ನಾರಾಯಣಮೂರ್ತಿಯವರ ಮಗ ರೋಹನ್ ಮೂರ್ತಿ 2010ರಲ್ಲಿ ಹಾರ್ವರ್ಡಿಗೆ 52 ಲಕ್ಷ ಡಾಲರ್ ದತ್ತಿ ಕೊಟ್ಟರು. ಸಂಸ್ಕೃತ ವಿದ್ವಾಂಸ ಶೆಲ್ಡನ್ ಪೊಲಾಕ್ ಪ್ರಧಾನ ಸಂಪಾದಕರಾದರು. 2015ರ ಜನವರಿಯಲ್ಲಿ ಮೊದಲ ಐದು ಪುಸ್ತಕಗಳು ಬಂದವು: ಪಾಲಿಯ ಥೇರೀಗಾಥೆ, ಪರ್ಷಿಯನ್ನಿನ ಅಬುಲ್ ಫಜಲ್, ಪಂಜಾಬಿಯ ಬುಲ್ಲೇ ಶಾ, ಬ್ರಜಭಾಷೆಯ ಸೂರದಾಸ, ತೆಲುಗಿನ ಅಲ್ಲಸಾನಿ ಪೆದ್ದನ. ನೂರು ವರ್ಷಕ್ಕೆ ಐನೂರು ಸಂಪುಟ ಎಂಬ ಲೆಕ್ಕ. ಇಲ್ಲಿ ಮೂಲ ಆಯಾ ಲಿಪಿಯಲ್ಲೇ ಇದೆ, ಅದಕ್ಕೆಂದೇ ಹೊಸ ಅಕ್ಷರ ಮಾದರಿಗಳನ್ನು ಮಾಡಿಸಿದರು. ಕನ್ನಡದ ಪುಟ ನೋಡಿ ನನಗೆ ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಒತ್ತಕ್ಷರಗಳು ಒಂದರ ಮೇಲೊಂದು ಬೀಳದೆ, ಸಾಲಿಗೂ ಸಾಲಿಗೂ ಉಸಿರಾಡುವಷ್ಟು ಜಾಗ ಬಿಟ್ಟು ನಿಂತಿವೆ. ನಮ್ಮ ಊರಿನಲ್ಲಿ ಅಚ್ಚಾಗುವ ಕಾವ್ಯಗಳಿಗೆ ಈ ಮರ್ಯಾದೆ ಸಿಗುವುದು ಅಪರೂಪ.

ಈ ಮಾಲೆಯ ಬಗ್ಗೆ ಒಂದು ದೊಡ್ಡ ಜಗಳವೂ ನಡೆಯಿತು. 2016ರಲ್ಲಿ 132 ಮಂದಿ ವಿದ್ವಾಂಸರು ಸಹಿ ಹಾಕಿ, ಪೊಲಾಕರನ್ನು ಸಂಪಾದಕ ಸ್ಥಾನದಿಂದ ತೆಗೆಯಬೇಕು, ಈ ಕೆಲಸ ಭಾರತದಲ್ಲೇ ಆಗಬೇಕು ಎಂದು ಕೇಳಿದರು. ರೋಹನ್ ಮೂರ್ತಿ ಒಪ್ಪಲಿಲ್ಲ. ಪತ್ರಿಕೆಗಳು ಕೆಲವು ವಾರ ಬಿಸಿಯಾಗಿದ್ದವು. ಆ ಬೇಡಿಕೆಯ ಎರಡನೆಯ ಅರ್ಧ ನನಗೆ ಈಗಲೂ ಸರಿಯೆನಿಸುತ್ತದೆ, ಮೊದಲನೆಯ ಅರ್ಧ ಅದನ್ನು ಹಾಳುಮಾಡಿತು. ಭಾರತದಲ್ಲಿ ಆಗಬೇಕು ಎಂದರೆ ಅಲ್ಲಿರುವವರನ್ನು ಎಬ್ಬಿಸುವುದೇಕೆ? ಇಲ್ಲಿ ಕೂರಬೇಕಾದವರು ಕೂರಬೇಕು ಅಷ್ಟೆ. ಪೊಲಾಕ್ ಕನ್ನಡ ಕಲಿತದ್ದು ಮೈಸೂರಿನಲ್ಲಿ, ಟಿ.ವಿ. ವೆಂಕಟಾಚಲ ಶಾಸ್ತ್ರಿಗಳ ಎದುರು ಕೂತು. ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಿದ 2008ರಲ್ಲೇ ಅವರು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ, ಹಳೆಯ ಪಠ್ಯಗಳನ್ನು ಓದಬಲ್ಲವರೇ ಇಲ್ಲವಾಗುತ್ತಿರುವಾಗ ಸ್ಥಾನಮಾನ ಕಟ್ಟಿಕೊಂಡು ಏನು ಮಾಡುವುದು ಎಂಬರ್ಥದ ಎಚ್ಚರಿಕೆ ಕೊಟ್ಟಿದ್ದರು. ನಾವು ಆಗ ಪಟಾಕಿ ಹೊಡೆಯುವುದರಲ್ಲಿದ್ದೆವು.

ಹಾರ್ವರ್ಡಿನ ಬಲಪುಟಕ್ಕೆ ನನ್ನ ತಕರಾರು ಅದು ಇಂಗ್ಲಿಷಿನಲ್ಲಿದೆ ಎಂಬುದಲ್ಲ. ಇಂಗ್ಲಿಷ್ ಓದುಗನಿಗಾಗಿ ಮಾಡಿದ ಪುಸ್ತಕ ಇಂಗ್ಲಿಷಿನಲ್ಲೇ ಇರುತ್ತದೆ. ಆದರೆ ಪ್ರತಿ ಬಲಪುಟವೂ ಯಾರನ್ನೋ ಎದುರಿಗೆ ಕೂರಿಸಿಕೊಂಡು ಮಾತಾಡುತ್ತದೆ, ಇದು ನನ್ನನ್ನು ಕೂರಿಸಿಕೊಂಡಿಲ್ಲ. ಕಾಶಿ ಎಂದರೇನು, ವಸಿಷ್ಠ ಯಾರು, ವಿಭೂತಿ ಯಾಕೆ ಎನ್ನುವುದು ಶಿಕಾಗೋದ ಓದುಗನಿಗೆ ಬೇಕಾದ ವಿವರ. ನನಗೆ ಅಜ್ಜಿ ಹೇಳಿದ್ದಾರೆ. ನನಗೆ ಬೇಕಾದದ್ದು ಈ ಕ್ರಿಯಾಪದ ಯಾಕೆ ಹೀಗೆ ತಿರುಗಿತು, ಈ ಶಬ್ದವನ್ನು ಎಲ್ಲಿ ಒಡೆಯಬೇಕು, ಇಲ್ಲಿ ಕವಿ ನಗುತ್ತಿದ್ದಾನೋ ಗದರುತ್ತಿದ್ದಾನೋ ಎಂಬುದು. ಅನುವಾದಕ ಯಾರನ್ನು ನೆನೆದು ಬರೆಯುತ್ತಾನೆಂಬುದು ಪದಗಳ ಆಯ್ಕೆಯನ್ನೇ ಬದಲಿಸುತ್ತದೆ. ಎ.ಕೆ. ರಾಮಾನುಜನ್ 1973ರಲ್ಲಿ ವಚನಗಳನ್ನು ‘ಸ್ಪೀಕಿಂಗ್ ಆಫ್ ಶಿವ’ ಎಂದು ಇಂಗ್ಲಿಷಿಗೆ ತಂದಾಗ ಅವು ಆ ಕಾಲದ ಇಂಗ್ಲಿಷ್ ಕವಿತೆಯ ಹಾಗೆ ಕಾಣಿಸಿಕೊಂಡದ್ದರ ಬಗ್ಗೆ ತೇಜಸ್ವಿನಿ ನಿರಂಜನ 1992ರ ತಮ್ಮ ‘ಸೈಟಿಂಗ್ ಟ್ರಾನ್ಸ್‌ಲೇಷನ್’ ಪುಸ್ತಕದಲ್ಲಿ ಖಾರವಾಗಿಯೇ ವಾದಿಸಿದರು. ಅದು ಬಂದದ್ದೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಕಾಶನದಿಂದ. ವಚನದ ಅನುವಾದವೂ ಹೊರಗೆ, ಅದರ ಮೇಲಿನ ಜಗಳವೂ ಹೊರಗೆ. ಕನ್ನಡದಲ್ಲಿ ನಾವು ಅದರ ವರದಿ ಓದಿದೆವು.

ಹಾಗಾದರೆ ಕನ್ನಡಕ್ಕೆ ಬಲಪುಟ ಇರಲೇ ಇಲ್ಲವೇ? ಇತ್ತು. ಕಾಗದದ ಮೇಲಿರಲಿಲ್ಲ, ಅಷ್ಟೆ.

ನಮ್ಮ ಬಡಾವಣೆಯ ರಾಮಮಂದಿರದಲ್ಲಿ ವರ್ಷಕ್ಕೊಮ್ಮೆ ಗಮಕ ವಾಚನ ನಡೆಯುತ್ತದೆ. ಗಮಕಿ ಒಬ್ಬರು, ವ್ಯಾಖ್ಯಾನಕಾರರು ಒಬ್ಬರು. ಹೋದ ಸಲ ಜೈಮಿನಿ ಭಾರತದ ಚಂದ್ರಹಾಸನ ಕಥೆ. ಗಮಕಿ ಪದ್ಯವನ್ನು ರಾಗದಲ್ಲಿ ಬಿಡಿಸಿ ಹೇಳುತ್ತಾರೆ. ಮುಗಿಯುತ್ತಿದ್ದಂತೆ ವ್ಯಾಖ್ಯಾನಕಾರರು ಟವೆಲ್ ಸರಿಮಾಡಿಕೊಂಡು, ‘ನೋಡಿ, ಇಲ್ಲಿ ಕವಿ ಏನು ಮಾಡ್ತಾನೆ ಅಂದ್ರೆ...’ ಎಂದು ಎತ್ತಿಕೊಳ್ಳುತ್ತಾರೆ. ಪತ್ರದಲ್ಲಿ ‘ವಿಷ’ ಎಂದಿದ್ದುದನ್ನು ವಿಷಯೆ ಎಂಬ ಹುಡುಗಿ ಒಂದಕ್ಷರ ತಿದ್ದಿ ತನ್ನ ಹೆಸರನ್ನಾಗಿ ಮಾಡಿಕೊಳ್ಳುವ ಪ್ರಸಂಗ ಬಂತು. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ವ್ಯಾಖ್ಯಾನಕ್ಕೆ ಮೊದಲೇ ನಕ್ಕರು. ಅವರಿಗೆ ಎಡಪುಟ ಸಾಕಾಗಿತ್ತು. ಅವರ ಪಕ್ಕದ ಸೊಸೆ ವ್ಯಾಖ್ಯಾನವಾದ ಮೇಲೆ ನಕ್ಕರು. ಮೊಮ್ಮಗ ಇಬ್ಬರೂ ನಗುವುದನ್ನು ನೋಡಿ ನಕ್ಕ. (ಒಂದಕ್ಷರ ತಿದ್ದಿ ಒಂದು ಪ್ರಾಣ ಉಳಿಸಿದ ಆ ವಿಷಯೆಯನ್ನು ನಮ್ಮ ಗ್ರಂಥಸಂಪಾದಕರೆಲ್ಲ ಕುಲದೇವತೆ ಮಾಡಿಕೊಳ್ಳಬಹುದು.)

ಮೂಲ ಒಬ್ಬರ ಬಾಯಲ್ಲಿ, ಇವತ್ತಿನ ಕನ್ನಡ ಇನ್ನೊಬ್ಬರ ಬಾಯಲ್ಲಿ, ಎರಡೂ ಒಂದೇ ಜಮಖಾನೆಯ ಮೇಲೆ. ಲೋಬ್ ಮಹಾಶಯ ಮಾಡಿದ್ದನ್ನು ತುಂಗೆಯ ದಡದ ಹೊಸಹಳ್ಳಿ, ಮತ್ತೂರುಗಳಲ್ಲಿ ಜನ ತಲೆಮಾರುಗಳಿಂದ ಮಾಡಿಕೊಂಡೇ ಬಂದಿದ್ದಾರೆ. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಪತ್ರಿಕೆಗಳು ಅದನ್ನು ಒಂದು ಸಂಗೀತ ಕಲೆಗೆ ಸಂದ ಗೌರವದಂತೆ ಬರೆದವು. ಅದು ಓದುವ ವಿಧಾನವೊಂದಕ್ಕೆ ಸಂದ ಗೌರವವೂ ಆಗಿತ್ತು. ಅಕ್ಷರ ಬಾರದ ಜನಕ್ಕೆ ಕುಮಾರವ್ಯಾಸ ಅರ್ಥವಾಗುತ್ತಿದ್ದನೆಂದು ನಾವು ಹೆಮ್ಮೆಯಿಂದ ಹೇಳುತ್ತೇವಲ್ಲ, ಅವನು ಒಬ್ಬನೇ ಬಂದು ಅರ್ಥವಾಗುತ್ತಿರಲಿಲ್ಲ. ಜೊತೆಗೆ ಒಬ್ಬ ವ್ಯಾಖ್ಯಾನಕಾರ ಬರುತ್ತಿದ್ದ.

ಕಾವ್ಯ ಓಲೆಗರಿಯಿಂದ ಅಚ್ಚಿನ ಮನೆಗೆ ಹೋದಾಗ ಈ ವ್ಯಾಖ್ಯಾನಕಾರನನ್ನು ದಾರಿಯಲ್ಲೇ ಬಿಟ್ಟುಹೋದೆವು. ಬಿ.ಎಲ್. ರೈಸ್ ಪಂಪಭಾರತವನ್ನೂ ಕೆ.ಬಿ. ಪಾಠಕ್ ಕವಿರಾಜಮಾರ್ಗವನ್ನೂ 1898ರಲ್ಲಿ ಅಚ್ಚು ಹಾಕಿಸಿದರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯ, ಕನ್ನಡ ಸಾಹಿತ್ಯ ಪರಿಷತ್ತುಗಳು ಒಂದೊಂದಾಗಿ ಕಾವ್ಯಗಳನ್ನು ಎತ್ತಿಕೊಂಡವು. ಡಿ.ಎಲ್. ನರಸಿಂಹಾಚಾರ್ಯರು ವಡ್ಡಾರಾಧನೆಯ ಮೇಲೆ ಸುರಿದ ಶ್ರಮವನ್ನು ನೆನೆದರೆ ಕೈಮುಗಿಯಬೇಕೆನಿಸುತ್ತದೆ. ಆದರೆ ಆ ಪುಟಗಳ ಕೆಳಗೆ ಇರುವುದು ಪಾಠಾಂತರ. ಈ ಪ್ರತಿಯಲ್ಲಿ ಹೀಗಿದೆ, ಆ ಪ್ರತಿಯಲ್ಲಿ ಹಾಗಿದೆ ಎಂಬುದು ಸಂಪಾದಕ ಇನ್ನೊಬ್ಬ ಸಂಪಾದಕನ ಜೊತೆ ಆಡುವ ಮಾತು. ನಂಬಬಹುದಾದ ಪಠ್ಯ ನಮಗೆ ಸಿಕ್ಕಿತು, ಅದನ್ನು ಓದುವವನು ಸಿಗಲಿಲ್ಲ. ಆ ಹಿರಿಯರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಟಿ.ಎಸ್. ವೆಂಕಣ್ಣಯ್ಯ, ಎ.ಆರ್. ಕೃಷ್ಣಶಾಸ್ತ್ರಿ ಸೇರಿ ಇದೇ ರಾಘವಾಂಕನ ಕಾವ್ಯದ ಸಂಗ್ರಹ ಮಾಡಿಕೊಟ್ಟರು. ಕುವೆಂಪು, ಮಾಸ್ತಿ ಇಬ್ಬರೂ ಕೂತು ಸಂಪಾದಿಸಿದ ಕುಮಾರವ್ಯಾಸ ಭಾರತವನ್ನು 1958ರಲ್ಲಿ ಸರ್ಕಾರವೇ ಅಗ್ಗದ ಬೆಲೆಗೆ ಜನರ ಕೈಗಿಟ್ಟಿತು. ಆಗಿನ ಓದುಗನ ಮನೆಯಲ್ಲಿ ವ್ಯಾಖ್ಯಾನಕಾರ ಇನ್ನೂ ಬದುಕಿದ್ದ. ಅಜ್ಜನೋ, ಪುರಾಣದ ಜೋಯಿಸರೋ, ಹಳ್ಳಿಯ ಕನ್ನಡ ಪಂಡಿತ ಮೇಷ್ಟರೋ. ಪುಸ್ತಕ ಮೂಲ ಕೊಟ್ಟರೆ ಸಾಕಿತ್ತು. ಈಗಿನ ಮನೆಗಳಲ್ಲಿ ಆ ಕುರ್ಚಿ ಖಾಲಿ. ನಾವು ಮಾತ್ರ ಇನ್ನೂ ಅದೇ ಬಗೆಯ ಪುಸ್ತಕವನ್ನೇ ಮರುಮುದ್ರಿಸುತ್ತಿದ್ದೇವೆ, ಅದೂ ಮರುಮುದ್ರಿಸಿದಾಗ.

ಇಷ್ಟು ಹೇಳಿದ ಮೇಲೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತು. ಹೊಸಗನ್ನಡ ಗದ್ಯಾನುವಾದಗಳು ಇಲ್ಲವೇನ್ರೀ? ಇವೆ. ಎನ್. ಅನಂತರಂಗಾಚಾರ್ಯರ ಪಂಪಭಾರತದ ಗದ್ಯಾನುವಾದವಿದೆ, ಡಿ.ಎಲ್.ಎನ್. ಅವರ ಪಂಪಭಾರತ ದೀಪಿಕೆಯಂಥ ಟೀಕೆ ಇದೆ, ಎಲ್. ಬಸವರಾಜು ಅವರ ಸರಳ ಪಂಪಭಾರತವಿದೆ. ಇವಿಲ್ಲದೆ ನಾನೂ ಪಂಪನ ಹತ್ತಿರ ಹೋಗುತ್ತಿರಲಿಲ್ಲ. ಈ ಪಟ್ಟಿಯಲ್ಲಿ ಮೂರೂ ಪಂಪನವೇ ಬಂದದ್ದು ಅಕಸ್ಮಾತ್ತಲ್ಲ. ಕಾಲೇಜಿನ ಪಠ್ಯಕ್ಕೆ ಯಾರು ಬರುತ್ತಾರೋ ಅವರಿಗೆ ಅನುವಾದ ಸಿಗುತ್ತದೆ. ಗದ್ಯಾನುವಾದ ಎಂಬ ಪ್ರಕಾರವೇ ಬಹುಪಾಲು ಪರೀಕ್ಷೆಯ ಮಗ್ಗುಲಲ್ಲಿ ಬೆಳೆದದ್ದು. ‘ಎಲೈ ರಾಜನೇ, ನೀನು ಎನ್ನ ಬಿನ್ನಪವನ್ನು ಲಾಲಿಸುವವನಾಗು’ ಎಂಬ ಧಾಟಿಯ ವಾಕ್ಯವನ್ನು ಯಾವ ಕಾಲದ ಕನ್ನಡಿಗನೂ ಆಡಿಲ್ಲ. ಅದು ಹಳೆಗನ್ನಡವೂ ಅಲ್ಲ, ಹೊಸಗನ್ನಡವೂ ಅಲ್ಲ, ಹತ್ತು ಅಂಕದ ಪ್ರಶ್ನೆಯ ಕನ್ನಡ. ಅರ್ಥ ಒಪ್ಪಿಸುತ್ತದೆ, ಕಿವಿಗೆ ಏನೂ ಕೊಡುವುದಿಲ್ಲ. ಬಲಪುಟವೂ ಸಾಹಿತ್ಯವಾಗಿರಬೇಕು, ಓದಿದವನು ‘ಮೂಲದಲ್ಲಿ ಇದು ಹೇಗಿದ್ದೀತು’ ಎಂದು ಎಡಕ್ಕೆ ಕತ್ತು ಹೊರಳಿಸಬೇಕು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಕನ್ನಡದಿಂದ ಕನ್ನಡಕ್ಕೆ ಅನುವಾದ ಎಂದು ಒಪ್ಪಿಕೊಂಡ ಕ್ಷಣ ಪಂಪ ರಾಘವಾಂಕರನ್ನು ಪರಭಾಷೆಯವರೆಂದು ಘೋಷಿಸಿದಂತಾಗುತ್ತದೆ, ಆಮೇಲೆ ಮೂಲವನ್ನು ಯಾರು ಮುಟ್ಟುತ್ತಾರೆ, ಮಕ್ಕಳಿಗೆ ಹಳೆಗನ್ನಡ ಕಲಿಸುವುದೇ ಸರಿಯಾದ ದಾರಿ ಎಂಬ ವಾದ. ಕಲಿಸುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಮೂಲವನ್ನು ಮುಟ್ಟದ ಸ್ಥಿತಿ ಆಗಲೇ ಬಂದಿದೆ. ಅನುವಾದ ಮಾಡದೆ ಬಂದಿದೆ. ಇಂಗ್ಲಿಷಿನವರಿಗೂ ಇದೇ ಭಯವಿತ್ತು. ನೆವಿಲ್ ಕಾಗ್‌ಹಿಲ್ 1951ರಲ್ಲಿ ಚಾಸರನನ್ನು ಇವತ್ತಿನ ಇಂಗ್ಲಿಷಿಗೆ ತಂದ. ಷೇಮಸ್ ಹೀನಿ 1999ರಲ್ಲಿ ಬೇವುಲ್ಫ್ ಮಾಡಿದ. ಅದಕ್ಕೆ ಹಳೆಯ ಇಂಗ್ಲಿಷನ್ನು ಎದುರುಪುಟದಲ್ಲಿ ಇಟ್ಟ ಆವೃತ್ತಿಯೂ ಬಂತು, ಪುಸ್ತಕ ಕಾದಂಬರಿಯ ಹಾಗೆ ಮಾರಾಟವಾಯಿತು. ಮೂಲದ ಮರ್ಯಾದೆ ಕಡಿಮೆಯಾಯಿತೆಂದು ಯಾರೂ ಅಳಲಿಲ್ಲ. ಗಮನಿಸಬೇಕಾದದ್ದು, ಅದನ್ನು ಮಾಡಿದವನು ತನ್ನ ಕಾಲದ ದೊಡ್ಡ ಕವಿ, ಮತ್ತು ಅವನ ಬೆನ್ನಿಗೆ ವಿದ್ವಾಂಸರಿದ್ದರು. ನಮ್ಮಲ್ಲಿ ವಿದ್ವಾಂಸರು ಗದ್ಯಾನುವಾದ ಮಾಡುತ್ತಾರೆ, ಕವಿಗಳು ಹಳೆಯ ಕಥೆ ತೆಗೆದುಕೊಂಡು ಹೊಸ ನಾಟಕ ಬರೆಯುತ್ತಾರೆ. ಜನ್ನನ ಯಶೋಧರ ಚರಿತೆಯ ವಸ್ತುವಿನಿಂದ ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ಹುಟ್ಟಿತು, ಒಳ್ಳೆಯದೇ. ವಿದ್ವಾಂಸರೂ ಕವಿಗಳೂ ಒಂದೇ ಮೇಜಿಗೆ ಕೂತು ಜನ್ನನನ್ನೇ ಸಾಲುಸಾಲಾಗಿ ಇವತ್ತಿನ ಕನ್ನಡದಲ್ಲಿ ಮಾತಾಡಿಸುವ ಕೆಲಸಕ್ಕೆ ಹೆಸರೂ ಇಲ್ಲ, ಸಂಭಾವನೆಯೂ ಇಲ್ಲ.

ತೆಲುಗಿನಲ್ಲಿ ವೆಲ್ಚೇರು ನಾರಾಯಣರಾವ್ ಮತ್ತು ಡೇವಿಡ್ ಷುಲ್ಮನ್ ದಶಕಗಟ್ಟಲೆ ಜೋಡಿಯಾಗಿ ಕೆಲಸ ಮಾಡಿದ್ದರಿಂದಲೇ ಮೂರ್ತಿ ಮಾಲೆಯ ಮೊದಲ ಕಂತಿನಲ್ಲೇ ಪೆದ್ದನ ಬಂದ. ಜೋಡಿ ಬೇಕು. ಒಬ್ಬರ ಕಿವಿ ಹಿಂದಕ್ಕೆ, ಒಬ್ಬರ ಕಿವಿ ಇಂದಿಗೆ.

ಈ ಕೆಲಸ ಮಾಡಬೇಕಾದವರು ಯಾರು? ಖಾಸಗಿ ಪ್ರಕಾಶಕರನ್ನು ಕೇಳುವುದು ತಪ್ಪು. ಅವರು ಸಾವಿರ ಪ್ರತಿ ಹಾಕಿ, ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಕಾಯುವವರು. ಆರು ವರ್ಷ ಹಿಡಿಯುವ ಪುಸ್ತಕಕ್ಕೆ ವಿಶ್ವವಿದ್ಯಾಲಯಗಳೇ ಸರಿಯಾದ ಜಾಗ. ನಮಗೆ ಪ್ರಸಾರಾಂಗಗಳಿವೆ, ಮೈಸೂರು, ಧಾರವಾಡ, ಹಂಪಿ. ಪ್ರಸಾರಾಂಗ ಎಂಬ ಶಬ್ದವೇ ಎಷ್ಟು ಚಂದ. ಪಂಡಿತರೊಳಗಿನ ವಿದ್ಯೆಯನ್ನು ಊರಿಗೆ ಹಂಚುವ ಅಂಗ. ಒಮ್ಮೆ ಒಂದು ಪ್ರಸಾರಾಂಗದ ಮಾರಾಟ ಮಳಿಗೆಗೆ ಹೋಗಿ ಒಂದು ಕಾವ್ಯದ ಹೆಸರು ಹೇಳಿದೆ. ಕೌಂಟರಿ​ನವರು ಎದ್ದು, ಧೂಳು ಹಿಡಿದ ಬೀರುವಿನ ಬಾಗಿಲು ತೆಗೆದು, ಕ್ಯಾಟಲಾಗು ಕೊಟ್ಟರು. ಅದರಲ್ಲಿ ಆ ಹೆಸರಿತ್ತು. ‘ಹೆಸರಿದೆ ಸಾರ್, ಪುಸ್ತಕ ಇಲ್ಲ. ರೀಪ್ರಿಂಟ್ ಆಗಿಲ್ಲ’ ಎಂದರು. ಯಾವಾಗ ಆಗುತ್ತೆ ಎಂದೆ. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರು. ನಾನೂ ನೋಡಿದೆ. ಅದು ಹಿಂದಿನ ವರ್ಷದ್ದು.

ಆ ಸಿಬ್ಬಂದಿಯ ತಪ್ಪೇನಿಲ್ಲ. ವ್ಯವಸ್ಥೆ ಅನುವಾದಕ್ಕೆ ಏನು ಬೆಲೆ ಕಟ್ಟಿದೆ ಎಂಬುದು ಕಾಗದದ ಮೇಲೇ ಇದೆ. ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ಅಧ್ಯಾಪಕರು ಸ್ವಂತ ಪುಸ್ತಕ ಬರೆದು ಅಂತರರಾಷ್ಟ್ರೀಯ ಪ್ರಕಾಶಕರಿಂದ ತಂದರೆ 12 ಅಂಕ, ರಾಷ್ಟ್ರೀಯ ಪ್ರಕಾಶಕರಿಂದ ತಂದರೆ 10. ಒಂದು ಇಡೀ ಪುಸ್ತಕ ಅನುವಾದಿಸಿದರೆ 8. ಹರಿಶ್ಚಂದ್ರ ಕಾವ್ಯದ ಒಂದೊಂದು ಸಂಧಿ ಬಿಡಿಸಿ, ಹಸ್ತಪ್ರತಿ ನೋಡಿ, ಹತ್ತು ಕರಡು ತಿದ್ದಿ ಐದಾರು ವರ್ಷದ ಕೊನೆಗೆ 8 ಅಂಕ. ತನ್ನ ಪಿಎಚ್.ಡಿ. ಪ್ರಬಂಧಕ್ಕೆ ಬಣ್ಣದ ರಟ್ಟು ಹೊದಿಸಿ ಐಎಸ್‌ಬಿಎನ್ ಅಂಟಿಸಿದವನಿಗೆ 10. ಬಡ್ತಿಯ ಹಾದಿಯಲ್ಲಿ ನಿಂತ ಯುವ ಅಧ್ಯಾಪಕಿ ಲೆಕ್ಕ ತಿಳಿಯದವಳೇನಲ್ಲ. ಅದೂ ಕನ್ನಡದಿಂದ ಕನ್ನಡಕ್ಕೆ ಎಂದರೆ ಅದನ್ನು ಅನುವಾದವೆಂದು ಸಮಿತಿ ಒಪ್ಪುವುದೋ ಇಲ್ಲವೋ ಎಂಬ ಅನುಮಾನ ಬೇರೆ. ‘ಭಾಷೆ ಒಂದೇ ಅಲ್ಲವೇನಮ್ಮ?’ ಎಂದು ಕೇಳುವ ಸದಸ್ಯರೊಬ್ಬರು ಪ್ರತಿ ಸಮಿತಿಯಲ್ಲೂ ಇರುತ್ತಾರೆ.

ಹಣವಿಲ್ಲ ಎಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಬಸವ ಸಮಿತಿ ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಎರಡೂವರೆ ಸಾವಿರ ವಚನಗಳನ್ನು ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿಗೆ ತರಿಸಿತು. ಒಂದು ಸಂಸ್ಥೆ ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಅದು ಸಾಕ್ಷಿ. ವಚನಗಳಿಗೆ ಬೆನ್ನಿಗೆ ಸಮುದಾಯವಿತ್ತು ನಿಜ. ವಡ್ಡಾರಾಧನೆಗೆ, ಜನ್ನನಿಗೆ, ರಾಘವಾಂಕನಿಗೆ ಯಾರಿದ್ದಾರೆ ಎಂಬ ಪ್ರಶ್ನೆಗೆ ವಿಶ್ವವಿದ್ಯಾಲಯ ಎಂಬುದೇ ಉತ್ತರವಾಗಬೇಕಿತ್ತು. ಶುರುಮಾಡುವುದಾದರೆ ನಾನು ವಡ್ಡಾರಾಧನೆಯಿಂದಲೇ ಮಾಡುತ್ತೇನೆ. ಗದ್ಯ, ಹತ್ತೊಂಬತ್ತು ಕಥೆ, ಒಂದೊಂದನ್ನೂ ಒಂದೊಂದು ಸಣ್ಣ ಪುಸ್ತಕವಾಗಿ ಹಾಕಬಹುದು. ಬಸ್ಸಿನಲ್ಲಿ ಓದಬಹುದಾದ ಗಾತ್ರ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದಕ್ಕೆ ಅಂತರರಾಷ್ಟ್ರೀಯ ಬುಕರ್ ಬಂದ ಮೇಲೆ ಕನ್ನಡದಲ್ಲಿ ಅನುವಾದ ಎಂಬ ಶಬ್ದಕ್ಕೆ ಒಂದೇ ದಿಕ್ಕು ಉಳಿದುಕೊಂಡಿದೆ. ಸಭೆಗಳಲ್ಲಿ ಎಲ್ಲರೂ ಕೇಳುವುದು, ಇನ್ನು ಯಾರನ್ನು ಇಂಗ್ಲಿಷಿಗೆ ಕಳಿಸೋಣ ಎಂದು. ಆ ಸಂತೋಷ ನನಗೂ ಇದೆ, ಆ ರಾತ್ರಿ ನಾನೂ ಎದ್ದು ಕೂತು ಫೋನು ನೋಡುತ್ತಿದ್ದವನೇ. ಕಳಿಸುವವರು ಕಳಿಸಲಿ. ಹಿಂದಿನಿಂದ ಇಲ್ಲಿಗೆ ಬರಬೇಕಾದವರ ಪಟ್ಟಿಯೂ ಒಂದು ಇರಲಿ ಎಂದಷ್ಟೇ ನನ್ನ ಕೋರಿಕೆ.

ಹೀಗೆಲ್ಲ ವಾದ ಮಾಡಿದ ಮೇಲೆ ಸ್ವಂತವಾಗಿ ಒಂದು ಪುಟವಾದರೂ ಮಾಡಿ ನೋಡದಿದ್ದರೆ ಬರೀ ಬಾಯಿಮಾತಾಗುತ್ತದೆ ಎಂದು ಒಂದು ಭಾನುವಾರ ಕೂತೆ. ಆರಿಸಿಕೊಂಡದ್ದು ಹರಿಶ್ಚಂದ್ರನ ಎದುರು ಇಬ್ಬರು ಹಾಡುಗಾರ್ತಿ ಹುಡುಗಿಯರು ನಿಲ್ಲುವ ಸನ್ನಿವೇಶ. ರಾಜ ಬೇಟೆಯಾಡಿ ದಣಿದಿದ್ದಾನೆ. ವಿಶ್ವಾಮಿತ್ರ ಹುಟ್ಟಿಸಿ ಕಳಿಸಿದ ಈ ಹುಡುಗಿಯರು ಬಂದು ಹಾಡುತ್ತಾರೆ, ಕುಣಿಯುತ್ತಾರೆ. ರಾಜ ಮೆಚ್ಚುತ್ತಾನೆ, ಒಡವೆ ಕೊಡುತ್ತೇನೆನ್ನುತ್ತಾನೆ. ಅವರಿಗೆ ಒಡವೆ ಬೇಡ, ಬೆಳ್ಗೊಡೆ ಬೇಕು. ಅದು ಆಗದು ಎಂದಾಗ, ಹಾಗಾದರೆ ನಮ್ಮನ್ನು ಮದುವೆಯಾಗು ಎನ್ನುತ್ತಾರೆ. ಹೊಲೆಯರ ಹುಡುಗಿಯರು ಹೀಗೆ ಕೇಳುವುದೇ ಎಂದು ರಾಜ ಕೆರಳುತ್ತಾನೆ. ಆಗ ಅವರು ತಿರುಗಿ ಕೇಳುವ ಪ್ರಶ್ನೆ ಎಂಟುನೂರು ವರ್ಷವಾದರೂ ಆರಿಲ್ಲ: ನಮ್ಮ ಹಾಡನ್ನು ಕೇಳಿದ ನಿನ್ನ ಕಿವಿಗೆ ಮೈಲಿಗೆಯಾಗಲಿಲ್ಲ, ನಮ್ಮ ಚೆಲುವನ್ನು ನೋಡಿದ ಕಣ್ಣಿಗೆ ಆಗಲಿಲ್ಲ, ಇಂದ್ರಿಯಗಳಲ್ಲಿ ಮುಟ್ಟುವುದೊಂದಕ್ಕೇ ಯಾಕೆ ಮಡಿ?

ಅಕ್ಕನ ಮಗಳು ಬಿ.ಕಾಂ. ಎರಡನೆಯ ವರ್ಷ. ರಜೆಗೆ ಬಂದಿದ್ದಳು. ನನ್ನ ಕರಡು ಅವಳ ಕೈಗೆ ಕೊಟ್ಟೆ. ಎಡಗಡೆ ಷಟ್ಪದಿ ಬರೆದು ಬಲಗಡೆ ನನ್ನ ಕನ್ನಡ. ಪೆನ್ನು ತೆಗೆದುಕೊಂಡು ಮೊದಲ ಸಾಲಿನಲ್ಲೇ ನಾನು ಬರೆದಿದ್ದ ‘ಶ್ರವಣೇಂದ್ರಿಯ’ ಹೊಡೆದು ‘ಕಿವಿ’ ಎಂದು ಬರೆದಳು. ‘ಮಾಮ, ಅವರು ಸಿಟ್ಟಲ್ಲಿದಾರೆ. ಸಿಟ್ಟಲ್ಲಿ ಯಾರಾದ್ರೂ ಶ್ರವಣೇಂದ್ರಿಯ ಅಂತಾರಾ?’ ನಾಲ್ಕು ಸಾಲು ಆದಮೇಲೆ ಎಡಪುಟಕ್ಕೆ ಬೆರಳಿಟ್ಟು, ‘ಇಲ್ಲಿ ಅವನು ಬಳಸಿರೋ ಪದ ಚೆನ್ನಾಗಿದೆ, ನಿಮ್ಮದಕ್ಕಿಂತ. ಅದನ್ನೇ ಇಟ್ಕೊಬಹುದಲ್ಲ, ನಮಗೂ ಅರ್ಥ ಆಗುತ್ತೆ’ ಎಂದಳು. ಸರಿಯಾಗಿತ್ತು, ಇಟ್ಟುಕೊಂಡೆ. ಕಾಲೇಜಿನಲ್ಲಿ ರಾಘವಾಂಕನ ಪಾಠ ಇತ್ತಾ ಎಂದು ಕೇಳಿದೆ. ಪಿಯುಸಿಯಲ್ಲೋ ಎಲ್ಲೋ ಹತ್ತು ಪದ್ಯ ಇತ್ತು, ಬಾಯಿಪಾಠ ಮಾಡಿದ್ದೆ, ಹುಡುಗಿಯರು ಇದ್ದದ್ದು ನೆನಪಿಲ್ಲ ಎಂದಳು.

ಪುಟ ಮುಗಿಯಿತು. ತಿರುಗಿಸಿದಳು. ಮುಂದಿನ ಪುಟದ ಬಲಗಡೆ ಇನ್ನೂ ಖಾಲಿ.

‘ಆಮೇಲೆ ರಾಜ ಏನಂದ ಮಾಮ?’

ಏನೂ ಅನ್ನಲಿಲ್ಲ, ಹೊಡೆದು ಓಡಿಸಿದ ಎಂದೆ. ಅವರು ಹೋಗಿ ವಿಶ್ವಾಮಿತ್ರನಿಗೆ ಹೇಳಿದರು, ಅವನು ಬಂದು, ಇವರನ್ನು ಮದುವೆಯಾಗು ಎಂದ, ರಾಜ್ಯ ಬೇಕಾದರೆ ಕೊಡುತ್ತೇನೆ, ಮದುವೆ ಆಗುವುದಿಲ್ಲ ಎಂದ ಹರಿಶ್ಚಂದ್ರ, ಕೊಟ್ಟ. ಕೊನೆಗೆ ಕಾಶಿಯಲ್ಲಿ ತನ್ನನ್ನು ಮಾರಿಕೊಂಡು ಆಳಾದದ್ದು ವೀರಬಾಹು ಎಂಬ ಚಂಡಾಲನಿಗೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕುರ್ಚಿ ಎಳೆದುಕೊಂಡು ಎಡಪುಟವನ್ನು ತನ್ನ ಕಡೆ ತಿರುಗಿಸಿಕೊಂಡಳು.

‘ಹೊಡೆದ ಅನ್ನೋದು ಎಲ್ಲಿದೆ, ತೋರಿಸಿ.’